650 ರೂಪಾಯಿಯ ಮ್ಯಾಕ್ರೋ ಲೆನ್ಸ್, ಒಂದು ವರ್ಷ ಹೂಗಿಡಗಳ ನಡುವೆ ಬಳಸಿದ ಮೇಲೆ

ಫೋನಿನ ಕ್ಯಾಮೆರಾಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್, ಅಂದರೆ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್, ಕೊಂಡು ಒಂದು ವರ್ಷ ಆಯ್ತು. ಬೇಸಿಗೆ, ಆಷಾಢದ ಗಾಳಿ, ಚಳಿ ಎಲ್ಲದರಲ್ಲೂ ಬಳಸಿ ನೋಡಿದ್ದೇನೆ, ಹಾಗಾಗಿ ಈಗ ಬರೆದರೆ ಸರಿ ಅನಿಸಿತು. 650 ರೂಪಾಯಿ ಕೊಟ್ಟಿದ್ದೆ. ಮನೆ ಮುಂದೆ ನಾಲ್ಕು ಹೂವಿನ ಕುಂಡ ಇದ್ದು, ಬೆಳಿಗ್ಗೆ ಅರ್ಧ ಗಂಟೆ ಬಿಡುವಿದ್ದರೆ ಧೈರ್ಯವಾಗಿ ಕೊಳ್ಳಿ.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಮನೆ ಹೋದಾಗ ಅವ್ವ ಅಲ್ಲಿನ ದುಂಡುಮಲ್ಲಿಗೆಯ ಎರಡು ಕಡ್ಡಿ ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದು ಇಲ್ಲಿ ನೆಟ್ಟಳು. ಒಂದು ಉಳಿಯಿತು. ನಮ್ಮ ತೋಟ ಶುರುವಾಗಿದ್ದು ಆ ಬಳ್ಳಿಯಿಂದ. ಈಗ ದಾಸವಾಳ, ಬಟನ್ ಗುಲಾಬಿ, ಚೆಂಡುಹೂ, ಅಬ್ಬಲಿಗೆ, ಶಂಖಪುಷ್ಪ ಎಲ್ಲ ಸೇರಿ ಮೂವತ್ತು ಕುಂಡ ಆಗಿವೆ. ಕುಂಡಕ್ಕೆ ಬರೀ ಎರಿ ಮಣ್ಣು ಹಾಕಬೇಡಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಯುತ್ತೆ. ಮಸಾರಿ ಮಣ್ಣು, ಮರಳು, ಹಳೆ ಸಗಣಿ ಗೊಬ್ಬರ ಬೆರೆಸಿ.

ಇನ್ನು ಲೆನ್ಸ್. ಇದು ನನ್ನ ಎರಡನೆಯದು. ಮೊದಲನೆಯದನ್ನು ಆನ್‌ಲೈನಿನಲ್ಲಿ ತರಿಸಿದ್ದೆ. ಡಬ್ಬಿ ಮೇಲೆ ದೊಡ್ಡದಾಗಿ 20 ಎಕ್ಸ್ (ಇಪ್ಪತ್ತು ಪಟ್ಟು ದೊಡ್ಡದು) ಅಂತ ಇತ್ತು, ಅದನ್ನೇ ನೋಡಿ ಕೊಂಡಿದ್ದೆ. ಹೂವಿಗೆ ಎರಡು ಸೆಂಟಿಮೀಟರ್ ಹತ್ತಿರ ಹೋದರೆ ಮಾತ್ರ ಫೋಕಸ್ ಆಗುತ್ತಿತ್ತು. ಅಷ್ಟು ಹತ್ತಿರ ಹೋದರೆ ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತೆ, ಜೇನ್ನೊಣ ಹಾರಿ ಹೋಗುತ್ತೆ. ಎಂಟನೇ ದಿನಕ್ಕೆ ಕ್ಲಿಪ್ಪಿನ ಸ್ಪ್ರಿಂಗ್ ಕೂಡ ಮುರಿಯಿತು, ವಾಪಸ್ ತಗೊಳ್ಳಲಿಲ್ಲ. ಅವತ್ತು ಬಹಳ ಬೇಜಾರಾಯಿತು.

ಹಾಗಾಗಿ ಎಕ್ಸ್ ಸಂಖ್ಯೆ ಬಿಡಿ, ಎಷ್ಟು ದೂರದಲ್ಲಿ ಫೋಕಸ್ ಆಗುತ್ತೆ ಅಂತ ಕೇಳಿ. ಕೆಲವು ಲೆನ್ಸಿನ ಮೇಲೆ ಡಯಾಪ್ಟರ್, ಅಂದರೆ ಲೆನ್ಸಿನ ಪವರ್, ಬರೆದಿರುತ್ತಾರೆ. 100ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಹೆಚ್ಚುಕಡಿಮೆ ದೂರ ಸಿಗುತ್ತೆ: 10 ಡಯಾಪ್ಟರ್ ಇದ್ದರೆ 10 ಸೆಂಟಿಮೀಟರ್, 20 ಇದ್ದರೆ 5. ಈಗಿನದನ್ನು ಸ್ಕೇಲ್ ಇಟ್ಟು ನೋಡಿದೆ, ಸುಮಾರು ಏಳು ಸೆಂಟಿಮೀಟರ್ ಬರುತ್ತೆ. ಹೂವಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಗಾಜಿನ ಲೆನ್ಸ್, ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತೆ. ಕ್ಲಿಪ್ಪಿಗೆ ಒಳಗಡೆ ರಬ್ಬರ್ ಇದೆ, ಫೋನಿಗೆ ಗೀರು ಬಿದ್ದಿಲ್ಲ. ಫೋನಿನ ಕವರ್ ಮಾತ್ರ ಪ್ರತಿ ಸಲ ತೆಗೆಯಬೇಕು.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಎರಡು ಮೂರು ಕ್ಯಾಮೆರಾ ಇರುವ ಕೆಲವು ಫೋನುಗಳಲ್ಲಿ ಹೂವಿನ ಹತ್ತಿರ ಹೋದ ಕೂಡಲೇ ಫೋನು ತಾನಾಗಿಯೇ ಬೇರೆ ಕ್ಯಾಮೆರಾಗೆ ಹೋಗಿಬಿಡುತ್ತೆ. ನಾವು ಲೆನ್ಸ್ ಸಿಕ್ಕಿಸಿದ್ದು ಒಂದಕ್ಕೆ, ಫೋಟೋ ತೆಗೆಯುತ್ತಿರುವುದು ಇನ್ನೊಂದು. ಲೆನ್ಸೇ ಕೆಟ್ಟಿದೆ ಅಂದುಕೊಂಡು ನಾನು ಎರಡು ದಿನ ಒದ್ದಾಡಿದೆ. ಸೆಟ್ಟಿಂಗಿನಲ್ಲಿ ಆಟೋ ಮ್ಯಾಕ್ರೋ ಆಫ್ ಮಾಡಿ, ಲೆನ್ಸನ್ನು ಮುಖ್ಯ ಕ್ಯಾಮೆರಾದ ಸರಿ ನಡುವೆ ಕೂರಿಸಿ. ಫೋನಿನಲ್ಲಿ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾ ಇದ್ದರೂ ಅದನ್ನು ಮರೆತುಬಿಡಿ, ಮುಖ್ಯ ಕ್ಯಾಮೆರಾಗೆ ಈ ಲೆನ್ಸ್ ಹಾಕಿ ತೆಗೆದದ್ದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ.

ಮೊದಲ ಒಳ್ಳೆ ಫೋಟೋ ಬಂದಿದ್ದು ಕೆಂಪು ದಾಸವಾಳದ್ದು. ನಡುವಿನ ಕಡ್ಡಿಯ ತುದಿಯಲ್ಲಿ ಐದು ಪುಟ್ಟ ಕೆಂಪು ಗುಂಡಿಗಳಿರುತ್ತವಲ್ಲ, ಅವುಗಳ ಮೈಮೇಲೆ ಮಖಮಲ್ಲಿನ ಹಾಗೆ ರೋಮ ಇದೆ, ಆ ರೋಮಕ್ಕೆ ಹಳದಿ ಪರಾಗದ ಕಾಳು ಅಂಟಿಕೊಂಡಿದೆ. ಇಷ್ಟು ವರ್ಷ ದಿನಾ ಹರಿದು ದೇವರಿಗೆ ಏರಿಸಿದ ಹೂವು ಇದು. ಒಂದು ಕಿವಿಮಾತು: ಕೆಂಪು ಹೂವಿಗೆ ಬೆಳಕನ್ನು ಸ್ವಲ್ಪ ಇಳಿಸಿ. ಸ್ಕ್ರೀನ್ ಮುಟ್ಟಿದಾಗ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಆಯ್ತು. ಇಲ್ಲದಿದ್ದರೆ ಎಸಳಿನ ಗೆರೆಗಳೆಲ್ಲ ಕರಗಿ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತೆ.

ಚೆಂಡುಹೂವನ್ನು ಬಿಡಿಸಿ ನೋಡಿದೆ. ನಾವು ಎಸಳು ಅನ್ನುವ ಒಂದೊಂದೂ ಬೇರೆ ಬೇರೆ ಹೂವು. ಒಂದು ಚೆಂಡಿನೊಳಗೆ ಹೂವಿನ ಓಣಿಯೇ ಇದೆ!

ಎಲ್ಲಕ್ಕಿಂತ ಜಾಸ್ತಿ ಖುಷಿ ಕೊಟ್ಟಿದ್ದು ಹತ್ತು ಗಂಟೆ ಹೂವು. ನರ್ಸರಿಯಲ್ಲಿ ಟೇಬಲ್ ರೋಸ್ ಅಂತಾರೆ. ಬಿಸಿಲು ಏರಿದ ಮೇಲೆಯೇ ಅರಳುತ್ತೆ, ಆ ಬಿಸಿಲಿನಲ್ಲಿ ಫೋಟೋ ಬಿಳುಚಿಕೊಳ್ಳುತ್ತೆ, ಅದಕ್ಕೆ ಮೇಲೊಂದು ಬಿಳಿ ಕೊಡೆ ಹಿಡಿದು ತೆಗೆಯಬೇಕು. ಒಮ್ಮೆ ಕಡ್ಡಿಯಿಂದ ಒಳಗಿನ ಹಳದಿ ಕೇಸರಗಳನ್ನು ಸುಮ್ನೆ ಮುಟ್ಟಿದೆ. ಅವು ಮುಟ್ಟಿದ ಕಡೆಗೇ ಮೆಲ್ಲಗೆ ಬಾಗಿದವು! ಗಾಳಿ ಇರಬೇಕು ಅಂದುಕೊಂಡು ಇನ್ನೊಂದು ಹೂವು ಮುಟ್ಟಿದೆ, ಅದರಲ್ಲೂ ಹಾಗೇ. ಹೂವಿನಲ್ಲಿ ಜೇನ್ನೊಣ ಓಡಾಡಿದಾಗಲೂ ಹೀಗೇ ಆಗಿ ಅದರ ಮೈಗೆ ಪರಾಗ ಅಂಟುತ್ತೆ. ಬರಿಗಣ್ಣಿಗೂ ಇದು ಕಾಣುತ್ತೆ, ಆದರೆ ಲೆನ್ಸ್ ಹಾಕಿ ವಿಡಿಯೋ ಮಾಡಿದರೆ ಒಂದೊಂದು ಕೇಸರವೂ ಎದ್ದು ನಡೆಯುವ ಹಾಗಿರುತ್ತೆ.

ಗಿಡದ ಆರೈಕೆಗೂ ಇದು ಬೇಕೇ ಬೇಕು ಅಂತ ಅನಿಸಿದ್ದು ಏಪ್ರಿಲ್‌ನಲ್ಲಿ. ಗುಲಾಬಿ ಎಲೆ ಮಂಕಾಗುತ್ತಿತ್ತು, ನೀರು ಕಡಿಮೆ ಆಗಿದೆ ಅಂದುಕೊಂಡು ಎರಡು ಹೊತ್ತು ಹಾಕುತ್ತಿದ್ದೆ. ಎಲೆ ತಿರುಗಿಸಿ ಫೋಟೋ ತೆಗೆದರೆ ಸಣ್ಣ ಬಲೆ, ಅದರೊಳಗೆ ಕೆಂಪು ಚುಕ್ಕೆಗಳು. ನಮ್ಮ ಓಣಿಯಲ್ಲಿ ಇಲ್ಲಿನ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಓದುವ ಹುಡುಗಿ ಇದ್ದಾಳೆ, ಫೋಟೋ ನೋಡಿದ ಕೂಡಲೇ "ಅಕ್ಕಾ, ಇದು ಕೆಂಪು ನುಸಿ ರೀ, ಬಿಸಲಾಗ ಭಾಳ ಬರ್ತೈತಿ" ಅಂದಳು. ಎಲೆಯ ಅಡಿಗೆ ಜೋರಾಗಿ ನೀರು ಹೊಡೆದು ತೊಳೆದೆ. ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿದೆ. ಮೂರು ಸಲ ಮಾಡಿದ ಮೇಲೆ ಹೊಸ ಚಿಗುರು ಬಂತು. ಸಿಂಪಡಿಸುವಾಗ ಲೆನ್ಸ್ ದೂರ ಇಡಿ, ಎಣ್ಣೆ ಹನಿ ಬಿದ್ದರೆ ಒರೆಸುವುದು ಕಷ್ಟ.

ಕೊರತೆ ಇಲ್ಲದೇ ಇಲ್ಲ. ಮಿಲಿಮೀಟರ್ ಲೆಕ್ಕದಲ್ಲಿ ಮಾತ್ರ ಸ್ಪಷ್ಟ ಇರುತ್ತೆ, ಉಳಿದದ್ದೆಲ್ಲ ಮಸುಕು. ಉಸಿರು ಬಿಟ್ಟರೂ ಫೋಕಸ್ ತಪ್ಪುತ್ತೆ. ಫೋಟೋದ ಅಂಚು ಒಂಚೂರು ಹಿಗ್ಗಿದ ಹಾಗಿರುತ್ತೆ, ಹಾಗಾಗಿ ಹೂವನ್ನು ನಡುವೆಯೇ ಇಡಬೇಕು. ಆಷಾಢದಲ್ಲಿ ನಮ್ಮ ಕಡೆ ಗಾಳಿ ಹೇಗೆ ಬೀಸುತ್ತೆ ಗೊತ್ತಲ್ವಾ, ಒಂದು ಕೋಲು ನೆಟ್ಟು, ಅದಕ್ಕೆ ಬಟ್ಟೆ ಒಣಗಿಸುವ ಕ್ಲಿಪ್ ಕಟ್ಟಿ, ಹೂವಿನ ದೇಟನ್ನು ಮೆತ್ತಗೆ ಹಿಡಿಸಿದರೆ ಕೆಲಸ ಆಗುತ್ತೆ. ಮ್ಯಾಕ್ರೋ ಜೊತೆಗೆ ಬಂದ, ಅಗಲದ ನೋಟ ತೆಗೆಯುವ ವೈಡ್ ಲೆನ್ಸ್ ಮಾತ್ರ ಉಪಯೋಗಕ್ಕೆ ಬರಲಿಲ್ಲ. ಅದಿಲ್ಲದ, ಬರೀ ಮ್ಯಾಕ್ರೋ ಇರುವುದು ಸಿಕ್ಕರೆ ಅದನ್ನೇ ತಗೊಳ್ಳಿ.

ಬೆಳಿಗ್ಗೆ ಆರೂಮುಕ್ಕಾಲರಿಂದ ಎಂಟರ ತನಕ ಒಳ್ಳೆ ಬೆಳಕು. ಅವ್ವ ಪೂಜೆಗೆ ಹೂವು ಹರಿಯುವುದೂ ಅದೇ ಹೊತ್ತಿಗೆ. "ಏನ್ ಮಾಡಾಕತ್ತೀಯವ್ವಾ ಅಲ್ಲಿ ಬಗ್ಗಿ? ಚಾ ಆರಾಕತ್ತೈತಿ" ಅಂತ ಮೊದಲು ಕರೆಯುತ್ತಿದ್ದಳು. ಈಗ ಬುಟ್ಟಿ ಹಿಡಿದು ನಿಲ್ಲುತ್ತಾಳೆ, ನನ್ನದು ಆದ ಮೇಲೆಯೇ ಹರಿಯುವುದು. ಹತ್ತು ಗಂಟೆ ಹೂವಿನ ವಿಡಿಯೋ ತೋರಿಸಿದ ದಿನ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು. ಆಮೇಲೆ ತಾನೇ ಕುಂಡದ ಮುಂದೆ ಕೂತು, ಊದುಬತ್ತಿ ಕಡ್ಡಿಯಿಂದ ಒಂದೊಂದೇ ಹೂವು ಮುಟ್ಟತೊಡಗಿದಳು. "ತಡಿ, ಇನ್ನೊಂದು ಉಳದೈತಿ."