ಪಿಲಿಕುಳಕ್ಕೆ ಹೋದರೆ ಕಾಳಿಂಗನ ಮುಂದೆ ಅರ್ಧ ಗಂಟೆ ನಿಲ್ಲಿ

ಕಳೆದ ಬೇಸಿಗೆಯಲ್ಲಿ ನಮ್ಮ ಸೌದೆ ಕೊಟ್ಟಿಗೆಗೆ ಕಾಳಿಂಗ ಸರ್ಪ ಬಂದಿತ್ತು. ಕೇರೆ ಹಾವನ್ನು ಅಟ್ಟಿಸಿಕೊಂಡು ಬಂದದ್ದು. ಹಾವು ಹಿಡಿಯುವವರು ಬಂದು ಅದನ್ನು ಕಾಡಿಗೆ ಬಿಟ್ಟರು. ಆದರೆ ಅಪ್ಪ ಆಮೇಲೆ ಎರಡು ತಿಂಗಳು ಕೊಟ್ಟಿಗೆ ಕಡೆ ತಲೆ ಹಾಕಲಿಲ್ಲ. ಎಪ್ಪತ್ತು ದಾಟಿದ ಅಡಿಕೆ ಕೃಷಿಕ, ಜೀವನವಿಡೀ ತೋಟದಲ್ಲಿ ಓಡಾಡಿದವರು. ಅವರ ಹೆದರಿಕೆ ನೋಡಿ ನನಗೆ ಸಂಕಟ ಆಗುತ್ತಿತ್ತು. ಅದಕ್ಕೇ ಮೊನ್ನೆ ಭಾನುವಾರ ಅವರನ್ನೂ ಮಗಳನ್ನೂ ಕರೆದುಕೊಂಡು ಮಂಗಳೂರಿನ ಪಿಲಿಕುಳ ಮೃಗಾಲಯಕ್ಕೆ ಹೋದೆ.

ಮೂಡುಬಿದಿರೆ ಕಡೆಯಿಂದ ಬರುವವರು ವಾಮಂಜೂರಿನಲ್ಲಿ ಇಳಿದು ರಿಕ್ಷಾ ಹಿಡಿದರೆ ಸಾಕು. ಪಿಲಿ ಅಂದರೆ ತುಳುವಿನಲ್ಲಿ ಹುಲಿ, ಕುಳ ಅಂದರೆ ಕೊಳ. ಮಗಳು ಗೇಟಿನಲ್ಲೇ "ಹಾಗಾದ್ರೆ ಮೊದಲು ಹುಲಿ" ಅಂದಳು. ಹುಲಿ ನೆರಳಿನಲ್ಲಿ ಮಲಗಿತ್ತು. ನಮ್ಮೂರಿನ ಸೆಕೆಗೆ ಅದಾದರೂ ಏನು ಮಾಡೀತು? ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಆಗ ಪ್ರಾಣಿಗಳು ಸ್ವಲ್ಪ ಓಡಾಡುತ್ತವೆ. ಚಿರತೆ, ಜಿಂಕೆ ಎಲ್ಲ ನೋಡಿಕೊಂಡು ನಾವು ಹಾವುಗಳ ಕಡೆ ನಡೆದೆವು.

ಕಾಳಿಂಗ ಸರ್ಪದ ಮರಿ ಮಾಡಿಸುವ ಕೆಲಸಕ್ಕೆ ಪಿಲಿಕುಳ ಹೆಸರುವಾಸಿ. ಗಾಜಿನ ಆಚೆ ಅದು ಸುಮ್ನೆ ಬಿದ್ದುಕೊಂಡಿತ್ತು. ಅಪ್ಪ ಮೊದಲು ನಾಲ್ಕು ಹೆಜ್ಜೆ ದೂರ ನಿಂತರು. ಆಮೇಲೆ ಎರಡು ಹೆಜ್ಜೆ. ಕೊನೆಗೆ ಕನ್ನಡಕ ಒರೆಸಿಕೊಂಡು ಗಾಜಿನ ಹತ್ತಿರವೇ ಬಂದರು. ಹಾವು ತಲೆ ಎತ್ತಿತು. ನೆತ್ತಿಯ ಹಿಂದೆ, ಕುತ್ತಿಗೆ ಶುರುವಾಗುವಲ್ಲಿ, ಜೋಡಿಯಾಗಿ ಎರಡು ದೊಡ್ಡ ಹುರುಪೆಗಳು. ಕಾಳಿಂಗನ ಗುರುತೇ ಅದು, ನಾಗರ ಹಾವಿಗೆ ಅವು ಇರುವುದಿಲ್ಲ. ಗಂಟಲಿನ ಚರ್ಮ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ನಾಲಿಗೆ ಚಾಚಿತು, ಒಳಗೆಳೆದುಕೊಂಡಿತು, ಮತ್ತೆ ಚಾಚಿತು. "ಮೂಸಿ ನೋಡ್ತಾ ಉಂಟು" ಅಂದರು ಅಪ್ಪ. ಸರಿಯೇ, ನಾಲಿಗೆಯಿಂದಲೇ ಅದು ವಾಸನೆ ಹಿಡಿಯುವುದು.

ಅಷ್ಟರಲ್ಲಿ ಒಂದು ಗುಂಪು ಬಂತು. ಒಬ್ಬ ಗಾಜಿಗೆ ಪಟಪಟ ಬಡಿದ. ದಯವಿಟ್ಟು ಹೀಗೆ ಮಾಡಬೇಡಿ. ಹಾವಿಗೆ ನಮ್ಮ ಹಾಗೆ ಹೊರಕಿವಿ ಇಲ್ಲ ನಿಜ, ಆದರೆ ಆ ಅದುರುವಿಕೆ ಅದರ ಮೈಗೆ ಗೊತ್ತಾಗುತ್ತದೆ. ಅಪ್ಪನೇ ತಿರುಗಿ, "ನಿನ್ನ ಮನೆ ಬಾಗಿಲು ಹೀಗೆ ಬಡಿದ್ರೆ ನಿನಗೆ ಹೇಗೆ ಆಗ್ತದೆ ಮಾರಾಯ?" ಅಂದರು. ಎರಡು ತಿಂಗಳು ಕೊಟ್ಟಿಗೆಗೆ ಹೋಗದ ಮನುಷ್ಯ, ಹಾವಿನ ಪರ ನಿಂತರು. ನನಗೆ ಕಣ್ಣು ತುಂಬಿತು.

ನಾನು ಓದಿಕೊಂಡು ಹೋದದ್ದನ್ನು ಅಲ್ಲೇ ಅವರಿಗೆ ಹೇಳಿದೆ. ಹಾವುಗಳಲ್ಲಿ ಗೂಡು ಕಟ್ಟುವುದು ಕಾಳಿಂಗ. ಹೆಣ್ಣು ಹಾವು ಮೈ ಸುತ್ತಿ ತರಗೆಲೆಗಳನ್ನು ಎಳೆದು ರಾಶಿ ಮಾಡುತ್ತದೆ, ಮೊಟ್ಟೆ ಇಟ್ಟು ಕಾವಲು ಕೂರುತ್ತದೆ. 2024ರಲ್ಲಿ ವಿಜ್ಞಾನಿಗಳು ಕಾಳಿಂಗ ಸರ್ಪ ಒಂದೇ ಜಾತಿಯಲ್ಲ, ನಾಲ್ಕು ಅಂತ ತೋರಿಸಿಕೊಟ್ಟರು. ನಮ್ಮ ಪಶ್ಚಿಮ ಘಟ್ಟದ್ದಕ್ಕೆ ಇಟ್ಟ ಹೆಸರು ಓಫಿಯೋಫೇಗಸ್ ಕಾಳಿಂಗ. ನಮ್ಮ ಕನ್ನಡದ ಹೆಸರೇ ಪ್ರಪಂಚಕ್ಕೆಲ್ಲ! ಇದನ್ನು ಕೇಳಿ ಅಪ್ಪನಿಗೆ ಆದ ಖುಷಿ ನೋಡಬೇಕಿತ್ತು.

ನಡಿಗೆ ಜಾಸ್ತಿ ಇದೆ, ವಯಸ್ಸಾದವರ ಜೊತೆ ಹೋಗುವಾಗ ಅವಸರ ಬೇಡ. ನೀರು, ಟೊಪ್ಪಿ ಇಟ್ಟುಕೊಳ್ಳಿ. ಸೋಮವಾರ ರಜೆ. ಅಲ್ಲೇ ಇರುವ ತಾರಾಲಯ, ಗುತ್ತಿನ ಮನೆ (ತುಳುನಾಡಿನ ಹಳೆ ಕಾಲದ ದೊಡ್ಡ ಮನೆತನದ ಮನೆ) ಎಲ್ಲ ಒಂದೇ ದಿನ ಮುಗಿಸಲು ಹೋದರೆ ಯಾವುದನ್ನೂ ನೋಡಿದ ಹಾಗಾಗುವುದಿಲ್ಲ. ನಾವು ಅವನ್ನು ಬಿಟ್ಟೆವು, ಬೇಸರವಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ತಾವೇ ಹೋಗಿ ಕೊಟ್ಟಿಗೆಯಿಂದ ಸೌದೆ ತಂದರು. ಒಳಗೆ ಹೋಗುವ ಮೊದಲು ಕೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟಿದರು. "ನಾನು ಬಂದದ್ದು ಅದಕ್ಕೂ ಗೊತ್ತಾಗ್ಬೇಕಲ್ವಾ" ಅಂದರು.