ಪೋಕರ್‌ನ ಚಿಕ್ಕ ಟೇಬಲ್‌ನಲ್ಲಿ ಗೆದ್ದೆ ಅಂತ ಮೇಲೆ ಹತ್ತಬೇಡಿ: ಅಪ್ಪನ ಕಬ್ಬಿನ ದುಡ್ಡು ಕಳೆದ ಕಥೆ

ಕಳೆದ ವಾರ ನಮ್ಮೂರಿನ ಹುಡುಗನೊಬ್ಬ ಮೆಸೇಜ್ ಮಾಡಿದ. "ಅಣ್ಣಾ, ನೀವು ಮೊದಲು ಪೋಕರ್ ಆಡ್ತಿದ್ರಲ್ವಾ? ನಾನು ಚಿಕ್ಕ ಟೇಬಲ್‌ನಲ್ಲಿ ಚೆನ್ನಾಗಿ ಗೆಲ್ತಿದ್ದೀನಿ. ಯಾವಾಗ ದೊಡ್ಡ ಟೇಬಲ್‌ಗೆ ಹೋಗಬಹುದು?" ಜೊತೆಗೆ ಒಂದು ಸ್ಕ್ರೀನ್‌ಶಾಟ್. ನಾಲ್ಕು ಸಾವಿರ ಹ್ಯಾಂಡ್ ಆಡಿ ಲಾಭದಲ್ಲಿದ್ದಾನೆ (ಒಂದು ಸಲ ಎಲೆ ಹಂಚಿ ಆಡಿ ಮುಗಿಸಿದರೆ ಒಂದು ಹ್ಯಾಂಡ್). ಓದಿ ಎದೆ ಧಸಕ್ಕೆಂದಿತು. ಮೂರು ವರ್ಷದ ಹಿಂದೆ ನಾನೂ ಇದನ್ನೇ ಕೇಳಿದ್ದೆ, ನನಗೆ ನಾನೇ. ಉತ್ತರವನ್ನೂ ನಾನೇ ಕೊಟ್ಟುಕೊಂಡಿದ್ದೆ.

ಆಗ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಕೆಲಸ. ಹೂಟಗಳ್ಳಿಯಲ್ಲಿ ರೂಮು. ಊರು ಮದ್ದೂರಿನ ಹತ್ತಿರ. 2022ರ ದಸರಾ ರಜೆಯಲ್ಲಿ ಒಂದು ಆ್ಯಪ್‌ನಲ್ಲಿ ಆನ್‌ಲೈನ್ ಪೋಕರ್ ಆಡೋಕೆ ಶುರು ಮಾಡಿದೆ. 8,000 ರೂಪಾಯಿ ಹಾಕಿ 2-4 ರೂಪಾಯಿ ಬ್ಲೈಂಡ್‌ನ ಟೇಬಲ್‌ನಲ್ಲಿ ಕೂತೆ. ಬ್ಲೈಂಡ್ ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಕಟ್ಟಲೇಬೇಕಾದ ದುಡ್ಡು, ಒಬ್ಬ 2, ಇನ್ನೊಬ್ಬ 4. ಬೈ-ಇನ್ ಅಂದರೆ ಟೇಬಲ್‌ಗೆ ಕೂರುವಾಗ ಮುಂದಿಟ್ಟುಕೊಳ್ಳುವ ದುಡ್ಡು; ಅಲ್ಲಿ ಪೂರ್ತಿ ಬೈ-ಇನ್ 400 ರೂಪಾಯಿ, ದೊಡ್ಡ ಬ್ಲೈಂಡ್‌ನ ನೂರು ಪಟ್ಟು. ಅಂದರೆ ಇಪ್ಪತ್ತು ಬೈ-ಇನ್ ಇಟ್ಟುಕೊಂಡು ಕೂತಿದ್ದೆ. ಅಷ್ಟರಮಟ್ಟಿಗೆ ಸರಿಯಾಗಿಯೇ ಇದ್ದೆ.

ಜನವರಿ ಹೊತ್ತಿಗೆ ಸುಮಾರು ಹತ್ತು ಸಾವಿರ ಹ್ಯಾಂಡ್ ಆಡಿದ್ದೆ. ಖಾತೆಯಲ್ಲಿ 12,800 ಇತ್ತು. ಹನ್ನೆರಡು ಬೈ-ಇನ್ ಲಾಭ. ಇನ್ನೇನು ಬೇಕು, ಆಟ ಬಂತು ಅಂದುಕೊಂಡೆ.

ಇಲ್ಲೇ ನಾನು ಮೋಸ ಹೋದದ್ದು. ಯಾರೂ ಮೋಸ ಮಾಡಲಿಲ್ಲ, ನನ್ನ ಲೆಕ್ಕವೇ ತಪ್ಪಿತ್ತು. ಆರು ಜನರ ಟೇಬಲ್‌ನಲ್ಲಿ ಪ್ರತಿ ನೂರು ಹ್ಯಾಂಡ್‌ಗೆ ಏರಿಳಿತ ಸುಮಾರು 90 ದೊಡ್ಡ ಬ್ಲೈಂಡ್‌ನಷ್ಟು ಇರುತ್ತದೆ. ಗೆಲುವು ಸೋಲು ಒಂದನ್ನೊಂದು ಸರಿದೂಗಿಸುವುದರಿಂದ ಹ್ಯಾಂಡ್ ನೂರು ಪಟ್ಟಾದರೆ ಏರಿಳಿತ ಹತ್ತೇ ಪಟ್ಟಾಗುತ್ತದೆ. ಹಾಗಾಗಿ ಹತ್ತು ಸಾವಿರ ಹ್ಯಾಂಡ್‌ಗೆ ಅದು ಸುಮಾರು 900 ಬ್ಲೈಂಡ್, ಅಂದರೆ ಒಂಬತ್ತು ಬೈ-ಇನ್. ಲಾಭವೂ ಇಲ್ಲದ, ನಷ್ಟವೂ ಇಲ್ಲದ ಸಾಧಾರಣ ಆಟಗಾರ ಕೂಡ ಅಷ್ಟು ಹ್ಯಾಂಡ್ ಆಡಿ ಒಂಬತ್ತು ಬೈ-ಇನ್ ಮೇಲೋ ಕೆಳಗೋ ಇರುವುದು ಮಾಮೂಲಿ. ಮೂರರಲ್ಲಿ ಒಂದು ಸಲ ಅದಕ್ಕಿಂತಲೂ ಜಾಸ್ತಿ ಆಚೀಚೆ ಆಗುತ್ತದೆ. ನನ್ನ ಹನ್ನೆರಡು ಬೈ-ಇನ್ ಜಾಣತನವೋ, ಎಲೆ ಚೆನ್ನಾಗಿ ಬಿದ್ದದ್ದೋ ಹೇಳೋಕೆ ಆಗುತ್ತಿರಲಿಲ್ಲ. ಒಂದು ಲಕ್ಷ ಹ್ಯಾಂಡ್ ಆದಮೇಲೆ ಅಲ್ಪಸ್ವಲ್ಪ ಹೇಳಬಹುದು. ನಾಲ್ಕು ಸಾವಿರಕ್ಕೆ ಏನೂ ಹೇಳೋಕೆ ಆಗಲ್ಲ.

ಇನ್ನೊಂದು ಮಾತು ನನ್ನ ತಲೆ ಕೆಡಿಸಿತ್ತು. ಪ್ರತಿ ಪಾಟ್‌ನಿಂದ ಆ್ಯಪ್‌ನವರು ರೇಕ್ ಅಂತ ತಮ್ಮ ಪಾಲು ಹಿಡಿದುಕೊಳ್ಳುತ್ತಿದ್ದರು (ಒಂದು ಹ್ಯಾಂಡ್‌ಗೆ ಎಲ್ಲರೂ ಕಟ್ಟಿದ ಒಟ್ಟು ದುಡ್ಡೇ ಪಾಟ್). ಅದಕ್ಕೆ ಒಂದು ಮಿತಿ ಇರುತ್ತಿತ್ತು, ಆದರೆ ಚಿಕ್ಕ ಟೇಬಲ್‌ನ ಪಾಟ್ ಆ ಮಿತಿ ಮುಟ್ಟುತ್ತಿದ್ದದ್ದೇ ಅಪರೂಪ. ಹಾಗಾಗಿ ಪಾಟ್‌ಗೆ ಹೋಲಿಸಿದರೆ ಅಲ್ಲಿ ಕಡಿತ ಜಾಸ್ತಿ ಬೀಳುತ್ತಿತ್ತು. "ಮೇಲೆ ಹೋದರೆ ರೇಕ್ ಕಮ್ಮಿ" ಅಂತ ಜೊತೆಯವರು ಹೇಳುತ್ತಿದ್ದರು. ಲೆಕ್ಕ ಸರಿ. ಆದರೆ ಮೇಲೆ ಕೂತಿರುವವರು ಯಾರು ಅನ್ನುವುದನ್ನು ಆ ಲೆಕ್ಕ ಹೇಳುವುದಿಲ್ಲ. ಕೆಳಗೆ ನಾನು ಗೆದ್ದದ್ದೇ ಎಂಥ ಎಲೆ ಇದ್ದರೂ ಕಾಲ್ ಮಾಡುವವರಿಂದ, ಅಂದರೆ ಎದುರಿನವನು ಕಟ್ಟಿದಷ್ಟೇ ತಾವೂ ಕಟ್ಟಿ ಆಟದಲ್ಲಿ ಉಳಿಯುವವರಿಂದ. 5-10ರ ಟೇಬಲ್‌ನಲ್ಲಿ ಅಂಥವರು ಕಮ್ಮಿ. ನಾನು ದುಡ್ಡು ಏರಿಸಿದರೆ ಅವರು ಅದರ ಮೇಲೆ ಮತ್ತೆ ಏರಿಸುತ್ತಿದ್ದರು. ನನ್ನ ಹತ್ತಿರ ಒಳ್ಳೆ ಎಲೆ ಇದ್ದಾಗ ಮಾತ್ರ ದುಡ್ಡು ಹಾಕದೆ ಸುಮ್ನೆ ಎಲೆ ಬಿಡುತ್ತಿದ್ದರು.

ಅಲ್ಲಿ ಬೈ-ಇನ್ 1,000 ರೂಪಾಯಿ. ಇಪ್ಪತ್ತು ಬೈ-ಇನ್ ಇಟ್ಟುಕೊಂಡಿದ್ದವನು ಹದಿಮೂರಕ್ಕೂ ಕಮ್ಮಿ ಇಟ್ಟುಕೊಂಡು ಹೋದೆ. ನಾಲ್ಕೇ ದಿನದಲ್ಲಿ ಐದು ಹೋಯಿತು. 7,800 ಉಳಿದಿತ್ತು.

ಆ ಹೊತ್ತಿಗೆ ಕೆಳಗಿಳಿದಿದ್ದರೆ ಈ ಬರಹ ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. 2-4ಕ್ಕೆ ವಾಪಸ್ ಹೋಗಿದ್ದರೆ ಇನ್ನೂ ಹತ್ತೊಂಬತ್ತು ಬೈ-ಇನ್ ಇತ್ತು! ಆದರೆ ಕಳೆದ ಐದು ಸಾವಿರವನ್ನು ಆ ಚಿಕ್ಕ ಟೇಬಲ್‌ನಲ್ಲಿ ದುಡಿಯೋಕೆ ಮತ್ತೆ ಮೂರು ತಿಂಗಳು ಬೇಕಲ್ಲ ಅನ್ನಿಸಿತು. ನೈಟ್ ಶಿಫ್ಟ್ ಮುಗಿಸಿ ಬಂದು, ಬೆಳಗಿನ ಜಾವ 10-20ರ ಟೇಬಲ್ ತೆರೆದೆ. ನಾಲ್ಕು ಬೈ-ಇನ್ ಕೂಡ ಇರಲಿಲ್ಲ. ಮಧ್ಯಾಹ್ನದೊಳಗೆ ಖಾಲಿ.

ಅದೇ ವಾರ ಅಪ್ಪ ನನ್ನ ಖಾತೆಗೆ 80,000 ಹಾಕಿಸಿದ್ದರು. ಕಬ್ಬಿನ ದುಡ್ಡು. ಸೊಸೈಟಿಯ ಬೆಳೆ ಸಾಲ ಕಟ್ಟಬೇಕಿತ್ತು. ಅದು ಬಡ್ಡಿ ಇಲ್ಲದ ಸಾಲ, ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ತಪ್ಪಿದರೆ ಬಡ್ಡಿ ಬೀಳುತ್ತದೆ. ಗಡುವಿಗೆ ಇನ್ನೂ ಸಮಯ ಇತ್ತು. ಹತ್ತು ಸಾವಿರ ತೆಗೆದರೆ ಎರಡು ದಿನದಲ್ಲಿ ತುಂಬಿಸಬಹುದು ಅಂದುಕೊಂಡೆ.

ಒಂದು ಹ್ಯಾಂಡ್ ಈಗಲೂ ಮರೆತಿಲ್ಲ. ಕೈಯಲ್ಲಿ ಎರಡು ರಾಣಿ. ಮೇಜಿನ ಮೇಲೆ ಒಂಬತ್ತು, ಐದು, ಎರಡು. ಎದುರಿನವನು ಪೂರ್ತಿ ದುಡ್ಡು ಮುಂದಿಟ್ಟ. ಚಿಕ್ಕ ಟೇಬಲ್‌ನಲ್ಲಿ ಆಗಿದ್ದರೆ ಯೋಚಿಸದೆ ಕಾಲ್ ಮಾಡುತ್ತಿದ್ದೆ. ಆವತ್ತು ಆಗಲಿಲ್ಲ. ಕಣ್ಣ ಮುಂದೆ ಇದ್ದದ್ದು ಆಟದ ಚಿಪ್ಸ್ ಅಲ್ಲ, ಸೊಸೈಟಿಯ ಪಾಸ್‌ಬುಕ್. ಎಲೆ ಬಿಟ್ಟೆ. ಅವನು ತನ್ನ ಎಲೆ ತೋರಿಸಿದ. ಬರೀ ಎಕ್ಕ ಮತ್ತು ಗುಲಾಮ, ಜೋಡಿಯೂ ಇಲ್ಲ. ನನ್ನ ರಾಣಿ ಜೋಡಿಯೇ ಮುಂದಿತ್ತು. ಆ ಸಿಟ್ಟಿಗೆ ಮುಂದಿನ ಹ್ಯಾಂಡ್‌ನಲ್ಲಿ ಏನೂ ಇಲ್ಲದೆ ಎಲ್ಲವನ್ನೂ ತಳ್ಳಿ ಕಳೆದುಕೊಂಡೆ. ಕಳೆದುಕೊಳ್ಳೋಕೆ ಆಗದ ದುಡ್ಡಲ್ಲಿ ಕೂತರೆ ಕಲಿತ ಆಟವೂ ಕೈಗೆ ಬರುವುದಿಲ್ಲ. ಹೆದರಿ ಬಿಡುತ್ತೀರಿ, ಸಿಟ್ಟಲ್ಲಿ ತಳ್ಳುತ್ತೀರಿ.

ಒಂಬತ್ತು ದಿನದಲ್ಲಿ 61,000 ಹೋಯಿತು.

ಶನಿವಾರ ರೈಲು ಹತ್ತಿ ಊರಿಗೆ ಹೋದೆ. ಅಪ್ಪ ಕೇಳಿದ್ದು ಒಂದೇ ಮಾತು: "ಸೊಸೈಟಿಗೆ ಕಟ್ದೇನ್ಲಾ?" ನಾನು ಸುಮ್ಮನೆ ನಿಂತೆ. ಅವರಿಗೆ ಅರ್ಥವಾಯಿತು. ಬೈಯಲಿಲ್ಲ. ಎದ್ದು ಗದ್ದೆ ಕಡೆ ಹೋದರು. ಗಡುವು ತಪ್ಪಿತು, ಬಡ್ಡಿ ಬಿತ್ತು. ಮುಂದಿನ ಬೆಳೆಗೆ ಗೊಬ್ಬರ ತರೋಕೆ ಅವ್ವ ಚೀಟಿ ಕೂಗಿ ದುಡ್ಡು ಎತ್ತಿದಳು. ಅದನ್ನೆಲ್ಲ ತೀರಿಸೋಕೆ ನನಗೆ ಹದಿನಾಲ್ಕು ತಿಂಗಳು ಬೇಕಾಯಿತು.

ಆ ಹುಡುಗನಿಗೆ ಬರೆದದ್ದನ್ನೇ ಇಲ್ಲೂ ಬರೆಯುತ್ತೇನೆ. ಚೆನ್ನಾಗಿ ಆಡುವವರು ಮೇಲಿನ ಟೇಬಲ್‌ಗೆ ಕನಿಷ್ಠ ಮೂವತ್ತು ಬೈ-ಇನ್ ಇಟ್ಟುಕೊಂಡೇ ಹೋಗುತ್ತಾರೆ, ಆರು ಜನರ ಟೇಬಲ್ ಆದರೆ ಇನ್ನೂ ಜಾಸ್ತಿ. ಹೋಗುವ ಮೊದಲೇ, ಇಷ್ಟು ಕಳೆದರೆ ಕೆಳಗೆ ಬರುತ್ತೇನೆ ಅಂತ ಬರೆದಿಟ್ಟಿರುತ್ತಾರೆ. ಎರಡೋ ಮೂರೋ ಬೈ-ಇನ್, ಅಷ್ಟೇ. ನನ್ನ ಹತ್ತಿರ ಹತ್ತುವ ಲೆಕ್ಕ ಇತ್ತು, ಇಳಿಯುವ ಲೆಕ್ಕ ಇರಲಿಲ್ಲ.

ಆದರೆ ಇದು ಹಳೆ ಕಾಲದ ಉತ್ತರ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ, ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಪೂರ್ತಿ ನಿಷೇಧಿಸಿದೆ, ಜಾಣತನದ ಆಟವೋ ಅದೃಷ್ಟದ ಆಟವೋ ಅಂತ ನೋಡದೆ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ನಾನು ಆಡುತ್ತಿದ್ದ ಆ್ಯಪ್‌ನಲ್ಲಿ ದುಡ್ಡಿನ ಆಟ ನಿಂತಿದೆ. ಹಾಗಾದರೆ ಈ ಹುಡುಗ ಎಲ್ಲಿ ಆಡುತ್ತಿದ್ದಾನೆ? ಟೆಲಿಗ್ರಾಮ್ ಗುಂಪಿನಲ್ಲಿ ಬಂದ ಲಿಂಕ್‌ನಲ್ಲಿ. ದುಡ್ಡು ಹೋಗುವುದು ಯಾರದೋ ಯುಪಿಐಗೆ, ದಿನಕ್ಕೊಂದು ಹೆಸರಿಗೆ. ಗೆದ್ದದ್ದನ್ನು ಕೊಡದಿದ್ದರೆ ಯಾರನ್ನು ಕೇಳುತ್ತಾನೆ? ಎದುರು ಕೂತವರು ಒಬ್ಬರ ಎಲೆ ಒಬ್ಬರಿಗೆ ಹೇಳಿಕೊಂಡು ಆಡುತ್ತಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು? ಅಲ್ಲಿ ಮೂವತ್ತು ಬೈ-ಇನ್ ಇದ್ದರೂ ಒಂದೇ, ಮುನ್ನೂರು ಇದ್ದರೂ ಒಂದೇ.

ನಿಮ್ಮ ಮನೆಯಲ್ಲೂ ಇಂಥವರು ಇದ್ದರೆ, ಬಿಡೋಕೆ ಆಗದೆ ಒದ್ದಾಡುತ್ತಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ದುಡ್ಡು ಕಟ್ಟಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡಿ.

ಆ ಹುಡುಗನಿಗೆ ಒಂದು ಪ್ರಶ್ನೆ ಕಳಿಸಿದ್ದೆ: ಈವರೆಗೆ ಒಟ್ಟು ಎಷ್ಟು ಹಾಕಿದ್ದೀಯ, ಅದು ಯಾರ ದುಡ್ಡು? ಎರಡು ದಿನ ಉತ್ತರ ಇರಲಿಲ್ಲ. ನಿನ್ನೆ ರಾತ್ರಿ ಬಂತು, "ಸಿಗೋಣ ಅಣ್ಣಾ" ಅಂತ. ಭಾನುವಾರ ಮಂಡ್ಯ ಸ್ಟೇಷನ್ ಹತ್ತಿರ ಸಿಗುತ್ತಿದ್ದೇವೆ. ಬ್ಯಾಂಕ್ ಸ್ಟೇಟ್‌ಮೆಂಟ್ ತಗೊಂಡು ಬಾ, ಇಬ್ಬರೂ ಕೂತು ಕೂಡೋಣ ಅಂದಿದ್ದೇನೆ.