ಕಾಸರಗೋಡಿನ ಮಳೆಗಾಲಕ್ಕೆ ಕ್ಯೂಬನ್ ಸಿಗಾರ್ ಒಗ್ಗುವುದಿಲ್ಲ

ಕ್ಯೂಬನ್ ಮೇಲೋ ನಿಕರಾಗುವಾ ಮೇಲೋ ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಇಷ್ಟೇ: ಇಡುವುದು ಎಲ್ಲಿ, ಸೇದುವುದು ಯಾವ ತಿಂಗಳಲ್ಲಿ? ಮಂಜೇಶ್ವರದಿಂದ ಹೊಸದುರ್ಗದ ತನಕ ಯಾವ ಮನೆಯಾದರೂ ಸರಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ಸಿಗಾರ್ ಇಟ್ಟುಕೊಂಡು ಸೇದುವುದಾದರೆ ನಿಕರಾಗುವಾದ್ದನ್ನೇ ಕೊಳ್ಳಿ. ದುಬಾರಿ ಬೆಲೆಯ ಕ್ಯೂಬನ್ ಪೆಟ್ಟಿಗೆಯೊಂದು ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆಯುವಷ್ಟರಲ್ಲಿ ಕೈಕೊಟ್ಟ ಮೇಲೆ ಹೇಳುತ್ತಿರುವ ಮಾತಿದು. ಪಕ್ಕಪಕ್ಕ ಇಟ್ಟು ನೋಡಿದ್ದು ಕ್ಯೂಬಾದ ಮರೇವಾ ಎಂಬ ಸಪೂರ ಅಳತೆಯದ್ದು (ದಪ್ಪ 42 ಗೇಜ್, 129 ಮಿ.ಮೀ. ಉದ್ದ) ಮತ್ತು ರೊಬಸ್ಟೊ ಎಂಬ ದಪ್ಪ ಅಳತೆಯದ್ದು (50 ಗೇಜ್, 124 ಮಿ.ಮೀ.), ನಿಕರಾಗುವಾದ ರೊಬಸ್ಟೊ, ಜೊತೆಗೆ ಕೆಲವು ಡೊಮಿನಿಕನ್. ಎಲ್ಲವನ್ನೂ ಇಟ್ಟದ್ದು ಒಂದೇ ಬಗೆಯ ಡಬ್ಬಿಗಳಲ್ಲಿ, ಒಂದೇ ಹದದಲ್ಲಿ.

ಹೊಗೆಸೊಪ್ಪು ಯಾವ ರೂಪದಲ್ಲಿದ್ದರೂ ಬಾಯಿಗೆ, ಗಂಟಲಿಗೆ, ಎದೆಗೆ ಕೇಡೇ. ಸೇದುವ ಅಭ್ಯಾಸ ಇಲ್ಲದವರು ಇದನ್ನು ಓದಿ ಶುರುಮಾಡುವುದು ಬೇಡ.

ಗೋಳೆಲ್ಲ ಎಳೆತದ್ದು. ತುದಿ ಕತ್ತರಿಸಿ, ಹೊತ್ತಿಸುವ ಮೊದಲೇ ಬಾಯಿಗಿಟ್ಟು ಎಳೆದರೆ ಗಾಳಿ ಸಲೀಸಾಗಿ ಬರಬೇಕು, ಸ್ಟ್ರಾದಲ್ಲಿ ದಪ್ಪ ಮಜ್ಜಿಗೆ ಎಳೆದಷ್ಟು ತಡೆ ಇದ್ದರೆ ಸಾಕು. ಆಟಿಯಲ್ಲಿ ತೆಗೆದ ಮರೇವಾಗಳಲ್ಲಿ ಹತ್ತಕ್ಕೆ ಮೂರರಂತೆ ಕಟ್ಟಿಕೊಂಡಿದ್ದವು. ಎಳೆದರೆ ಕೆನ್ನೆ ಒಳಗೆ ಹೋಗುತ್ತದೆ, ಹೊಗೆ ಬರುವುದಿಲ್ಲ. ಹಟ ಹಿಡಿದು ಎಳೆದರೆ ಕೆಂಡದ ಬಾಯಿ ವಿಪರೀತ ಬಿಸಿಯಾಗಿ ನಾಲಿಗೆಗೆ ಡಾಮರಿನಂಥ ಕಹಿ ಹತ್ತುತ್ತದೆ. ಎರಡು ನಿಮಿಷ ಕೈಯಲ್ಲಿ ಹಿಡಿದರೆ ಆರಿಹೋಗುತ್ತದೆ.

ಇದಕ್ಕೆ ಎರಡು ಕಾರಣ ಸೇರುತ್ತವೆ. ಒಂದು, ಸುತ್ತುವ ಕೈಯದ್ದು. 42 ಗೇಜ್ ಎಂದರೆ ಇಂಚಿನ 64ರಲ್ಲಿ 42 ಪಾಲು, ಸುಮಾರು 16.7 ಮಿ.ಮೀ. ಅಷ್ಟು ಸಪೂರ ಕೊಳವೆಯೊಳಗೆ ಒಂದೇ ಒಂದು ಎಲೆ ತಿರುಚಿಕೊಂಡರೂ ದಾರಿ ಮುಚ್ಚುತ್ತದೆ. 50 ಗೇಜಿನ ರೊಬಸ್ಟೊದ ಅಡ್ಡಕೊಯ್ತದ ವಿಸ್ತೀರ್ಣ ಇದಕ್ಕಿಂತ ಶೇ. 40ರಷ್ಟು ಹೆಚ್ಚು, ಹಾಗಾಗಿ ಅಂಥ ತಪ್ಪನ್ನು ಅದು ತಡೆದುಕೊಳ್ಳುತ್ತದೆ. 1990ರ ದಶಕದ ಕೊನೆಗೆ ಕ್ಯೂಬಾ ಉತ್ಪಾದನೆಯನ್ನು ಒಮ್ಮೆಲೇ ಏರಿಸಿದಾಗ ಎಳೆತದ ದೂರುಗಳು ಹೆಚ್ಚಿದ್ದವು. ಆಮೇಲೆ ಕಾರ್ಖಾನೆಗಳಿಗೆ ಗಾಳಿ ಎಳೆದು ಪರೀಕ್ಷಿಸುವ ಯಂತ್ರ ಬಂತು, ಹೊದಿಕೆ ಎಲೆ ಸುತ್ತುವ ಮೊದಲೇ ಕಟ್ಟನ್ನು ಅದರಲ್ಲಿಟ್ಟು ನೋಡುತ್ತಾರೆ. ಆದರೆ ಆ ಪರೀಕ್ಷೆ ನಡೆಯುವುದು ಕಾರ್ಖಾನೆಯ ಹದದಲ್ಲಿ. ಅಲ್ಲಿ ಪಾಸಾದ ಕಟ್ಟು ನಮ್ಮಲ್ಲಿಗೆ ಬಂದು ಎರಡು ತಿಂಗಳು ಪಸೆ ಕುಡಿದ ಮೇಲೆ ಹೇಗಿರುತ್ತದೆ ಎಂಬುದನ್ನು ಯಾವ ಯಂತ್ರವೂ ಹೇಳಲಾರದು.

ಎರಡನೆಯ ಕಾರಣ ಈ ಪಸೆಯೇ. ಜುಲೈಯಲ್ಲಿ ನಮ್ಮ ನಡುಮನೆಯ ತೇವಾಂಶ ಶೇ. 90ರ ಆಸುಪಾಸು. ಒಣಗಿಸಿದ ಎಲೆ ಗಾಳಿಯ ನೀರನ್ನು ಹೀರುತ್ತದೆ, ಒಳಗಿನ ಹೂರಣ ಉಬ್ಬುತ್ತದೆ. ಹೊರಗೆ ಬಿಗಿಯಾಗಿ ಸುತ್ತಿದ ಎಲೆ ಜಾಗ ಕೊಡುವುದಿಲ್ಲ. ಆಗ ಒಂದೋ ಒಳಗಿನ ಗಾಳಿದಾರಿ ಮುಚ್ಚಬೇಕು, ಇಲ್ಲವೇ ಹೊತ್ತಿಸುವ ತುದಿಯಲ್ಲಿ ಹೊದಿಕೆ ಬಿರಿಯಬೇಕು. ಮರೇವಾದಲ್ಲಿ ಎರಡೂ ಆಗುತ್ತದೆ.

ಕಟ್ಟಿದ ಸಿಗಾರ್ ಎಸೆಯಬೇಕಾಗಿಲ್ಲ. ಮೊದಲು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹೊತ್ತಿಸುವ ತುದಿಯಿಂದ ಬಾಯಿಗಿಡುವ ತಲೆಯವರೆಗೆ ಮೆಲ್ಲನೆ ಅದುಮುತ್ತ ಬನ್ನಿ. ಹೆಚ್ಚಾಗಿ ಕಾಗದದ ಪಟ್ಟಿಯ ಕೆಳಗೆ, ಒಂದೂವರೆ ಇಂಚಿನೊಳಗೆ, ಹಲಸಿನ ಬೀಜದಂತೆ ಗಟ್ಟಿಯಾದ ಒಂದು ಗಂಟು ಸಿಗುತ್ತದೆ. ಹೊತ್ತಿಸುವ ತುದಿಯ ನಟ್ಟನಡುವೆ ಒಂದೂವರೆಯಿಂದ ಎರಡು ಮಿ.ಮೀ. ದಪ್ಪದ ಉಕ್ಕಿನ ಕ್ರೋಶೆ ಕಡ್ಡಿಯನ್ನು ತಿರುಗಿಸುತ್ತ ಒಳಗೆ ಬಿಡಿ, ನೂಕಬಾರದು. ಗಂಟಿಗೆ ತಾಗಿದಾಗ ಕೈಗೆ ಗೊತ್ತಾಗುತ್ತದೆ. ಅಲ್ಲಿ ನಾಲ್ಕೈದು ಸುತ್ತು ಹಾಕಿ, ಕೊಕ್ಕೆಗೆ ಸಿಕ್ಕಿದ ಚೂರನ್ನು ಹೊರಗೆ ಎಳೆಯಿರಿ. ಒಂದು ಚಿಟಿಕೆ ಎಲೆ ಬಂದರೂ ದಾರಿ ತೆರೆಯುತ್ತದೆ. ಕೈಗೆ ಸಿಗುತ್ತದೆಂದು ತೆಂಗಿನ ಗರಿಯ ಕಡ್ಡಿಯಲ್ಲಿ ಮಾಡಲು ಹೋಗಬೇಡಿ, ಅದು ಒಳಗೆ ಬಾಗಿ ಪಕ್ಕದಿಂದ ಹೊದಿಕೆಯನ್ನು ಹರಿದುಕೊಂಡು ಹೊರಬರುತ್ತದೆ.

ಗಂಟಿಲ್ಲದೆ ಇಡೀ ಸಿಗಾರ್ ಸ್ಪಂಜಿನಂತೆ ಮೆತ್ತಗಿದ್ದರೆ ಅದು ಬರೀ ಪಸೆ. ಹೊರದೇಶದವರು ಇದಕ್ಕೆ ಹೇಳುವ ಉಪಾಯ, ಒಂದು ದಿನ ಮೊದಲೇ ಡಬ್ಬಿಯಿಂದ ತೆಗೆದು ಹೊರಗಿಡಿ ಎಂದು. ನಮ್ಮಲ್ಲಿ ಮಳೆಗಾಲದಲ್ಲಿ ಹಾಗೆ ಮಾಡಿದರೆ ಒಣಗುವ ಬದಲು ಇನ್ನಷ್ಟು ನೆನೆಯುತ್ತದೆ. ಬೇರೆಯೇ ಒಂದು ಗಾಳಿಯಾಡದ ಸಣ್ಣ ಡಬ್ಬಿಯಲ್ಲಿ ಎರಡು ಸಿಗಾರ್, ಬಟ್ಟೆಯಲ್ಲಿ ಕಟ್ಟಿದ 20 ಗ್ರಾಂ ಸಿಲಿಕಾ ಜೆಲ್, ಒಂದಕ್ಕೊಂದು ತಾಗದ ಹಾಗೆ, ಒಂದು ರಾತ್ರಿ. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಹೊರ ಎಲೆ ಒಳಗಿನದಕ್ಕಿಂತ ಮೊದಲು ಒಣಗಿ ಸೀಳುತ್ತದೆ. ಹದ ಗೊತ್ತಾಗಲು ಚಿನ್ನ ತೂಗುವಂಥ, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಸಾಕು. ಎರಡು ಸಿಗಾರ್‌ಗಳ ತೂಕವನ್ನು ವಾರಕ್ಕೊಮ್ಮೆ ಬರೆದಿಡಿ. ಎರಡು ವಾರ ತೂಕ ಬದಲಾಗದಿದ್ದರೆ ಡಬ್ಬಿಯ ಹದಕ್ಕೆ ಅವು ಒಗ್ಗಿವೆ ಎಂದರ್ಥ. ಏರುತ್ತಲೇ ಇದ್ದರೆ ಮುಚ್ಚಳ ಸೋರುತ್ತಿದೆ.

ಇಷ್ಟೆಲ್ಲ ಉಪಚಾರ ನಿಕರಾಗುವಾದ ರೊಬಸ್ಟೊಗೆ ಬೇಕಾಗಲಿಲ್ಲ. ಅದೇ ಡಬ್ಬಿ, ಅದೇ ಮಳೆ, ಒಂದೂ ಕಟ್ಟಲಿಲ್ಲ. ಒಂದೆರಡು ಮಾತ್ರ ಒಂದು ಬದಿ ಬೇಗ ಉರಿದು ಓರೆಯಾದವು, ಲೈಟರ್ ತಾಗಿಸಿದರೆ ಸರಿಹೋಗುವಂಥದ್ದು. ಗೇಜಿನ ಅಗಲ ಒಂದು ಅನುಕೂಲ, ಕ್ಯೂಬನ್ ರೊಬಸ್ಟೊ ಕೂಡ ಮರೇವಾಕ್ಕಿಂತ ಎಷ್ಟೋ ವಾಸಿ. ಅದಕ್ಕಿಂತ ದೊಡ್ಡದು ಸೆಲೋಫೇನ್. ನಿಕರಾಗುವಾ, ಹೊಂಡುರಾಸ್, ಡೊಮಿನಿಕನ್ ಸಿಗಾರ್‌ಗಳು ಹೆಚ್ಚಾಗಿ ಒಂದೊಂದೂ ಸೆಲೋಫೇನ್ ತೊಟ್ಟು ಬರುತ್ತವೆ, ಕ್ಯೂಬನ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬರಿಮೈಯಲ್ಲಿ ಮಲಗಿರುತ್ತವೆ. ಸೆಲೋಫೇನ್ ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ಡಬ್ಬಿ ತೆರೆದು ಆರಿಸುವ ಎರಡು ನಿಮಿಷದಲ್ಲಿ ನುಗ್ಗುವ ಮಳೆಗಾಳಿಗೆ ಆ ನಿಧಾನವೇ ಮದ್ದು.

ಇನ್ನೊಂದು ವ್ಯತ್ಯಾಸ ಅಡಿಕೆ ಬೆಳೆಯುವವರಿಗೆ ಕೂಡಲೇ ಹೊಳೆಯುತ್ತದೆ. ಕ್ಯೂಬನ್ ಬಹಳ ಸಲ ಹೊಸ ಅಡಿಕೆಯಂತೆ ಎಳೆಯದಾಗಿಯೇ ಪೆಟ್ಟಿಗೆ ಸೇರುತ್ತದೆ, ಡಬಲ್ ಚೋಲ್ (ಇಟ್ಟು ಹಳತಾಗಿಸಿದ ಅಡಿಕೆ) ಮಾಡಿಕೊಳ್ಳುವುದು ಕೊಂಡವರ ಪಾಲಿನ ಕೆಲಸ. ನಿಕರಾಗುವಾದ ಒಳ್ಳೆಯ ತಯಾರಕರು ಎಲೆಯನ್ನೇ ಹಳತು ಮಾಡಿ ಆಮೇಲೆ ಸುತ್ತುತ್ತಾರೆ. ಪದ್ರೋನ್‌ನವರ 1964 ಆನಿವರ್ಸರಿ ಸಾಲಿನ ಎಲೆಗೆ ನಾಲ್ಕು ವರ್ಷ. ಕ್ಯೂಬನ್ ಪೆಟ್ಟಿಗೆಯ ತಳದಲ್ಲಿ ಕಾರ್ಖಾನೆಯ ಗುಟ್ಟಿನ ಅಕ್ಷರಗಳೂ ತಿಂಗಳು-ವರ್ಷದ ಮುದ್ರೆಯೂ ಇರುತ್ತವೆ. ತಿಂಗಳ ಹೆಸರು ಸ್ಪ್ಯಾನಿಷ್‌ನದ್ದು: ಎನೆ ಎಂದರೆ ಜನವರಿ, ಅಬ್ರ್ ಏಪ್ರಿಲ್, ಆಗೋ ಆಗಸ್ಟ್, ದಿಕ್ ಡಿಸೆಂಬರ್. ಆ ಮುದ್ರೆಗೆ ಎರಡು ವರ್ಷ ತುಂಬದ ಪೆಟ್ಟಿಗೆಯನ್ನು ತಂದ ತಿಂಗಳಲ್ಲೇ ತೆರೆದರೆ ಅಮೋನಿಯದ ಕಮಟು ಮೂಗಿಗೆ ಬಡಿಯುವ ಸಂಭವ ಹೆಚ್ಚು. ಎರಡು ವರ್ಷ ಎಂದರೆ ನಮಗೆ ಎರಡು ಮಳೆಗಾಲ, ಅದನ್ನು ದಾಟಿಸುವುದೇ ಕಷ್ಟ.

ಇಡುವ ವಿಷಯ. ಸಿಗಾರ್ ಇಡುವ ಚಂದದ ಮರದ ಪೆಟ್ಟಿಗೆ, ಹ್ಯುಮಿಡಾರ್, ನಮ್ಮ ಕರಾವಳಿಗೆ ಹೇಳಿದ್ದಲ್ಲ. ಅದು ಒಣ ಊರಿನಲ್ಲಿ ತೇವ ಉಳಿಸಿಕೊಳ್ಳಲು ಮಾಡಿದ ವಸ್ತು, ನಮಗೆ ಬೇಕಾದ್ದು ತೇವವನ್ನು ಹೊರಗೇ ನಿಲ್ಲಿಸುವಂಥದ್ದು. ಸಿಲಿಕೋನ್ ಪಟ್ಟಿಯ, ನಾಲ್ಕೂ ಬದಿ ಚಿಲಕ ಬೀಳುವ ಪ್ಲಾಸ್ಟಿಕ್ ಡಬ್ಬಿ ಅದಕ್ಕಿಂತ ಎಷ್ಟೋ ಮೇಲು. 25 ಸಿಗಾರ್‌ಗೆ 60 ಗ್ರಾಂನ ಒಂದು ಎರಡುದಾರಿ ತೇವಚೀಲ (ಒಣಗಿದರೆ ತೇವ ಕೊಟ್ಟು, ಹೆಚ್ಚಾದರೆ ಹೀರುವಂಥದ್ದು), ಬೊವೆಡಾದಂಥದ್ದು. ಕ್ಯೂಬನ್‌ಗೆ ಶೇ. 62ರ ತೇವಾಂಶದ್ದು, ನಿಕರಾಗುವಾಗೆ 65ರದ್ದು. 69, 72 ನಮ್ಮಲ್ಲಿ ಬೇಡವೇ ಬೇಡ. ಚೀಲ ಗಟ್ಟಿಕಟ್ಟಿದರೆ ಒಣಗಿದೆ ಎಂದು ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಆಗುವುದು ಅದರ ತಿರುಗುಮುರುಗು: ಚೀಲ ನೀರು ಕುಡಿದು ಬಿಗಿಯಾಗಿ ಉಬ್ಬುತ್ತದೆ. ಉಬ್ಬಿದ ಚೀಲ ಇನ್ನು ಹೀರುವುದಿಲ್ಲ, ಬದಲಾಯಿಸಲೇಬೇಕು.

ತೇವಾಂಶ ಅಳೆಯುವ ಮೀಟರನ್ನು ನಂಬುವ ಮೊದಲು ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಒದ್ದೆ ಮರಳಿನ ಹದಕ್ಕೆ ಬರುವಷ್ಟು ನೀರು, ಜಿಪ್ ಚೀಲದಲ್ಲಿ ಮೀಟರ್ ಜೊತೆಗಿಟ್ಟು 12 ಗಂಟೆ ಬಿಡಿ. 75 ತೋರಿಸಬೇಕು. 79 ತೋರಿಸಿದರೆ ಮುಂದೆ ಯಾವಾಗಲೂ ನಾಲ್ಕು ಕಳೆದು ಓದಿಕೊಳ್ಳಿ.

ಹುಳದ ಭಯ ಎರಡಕ್ಕೂ ಒಂದೇ. ಹೊಗೆಸೊಪ್ಪಿನ ಕುಟ್ಟೆ ಹುಳದ ಮೊಟ್ಟೆ ಎಲೆಯ ಜೊತೆಗೇ ಬರಬಹುದು, 24 ಡಿಗ್ರಿ ದಾಟಿದರೆ ಒಡೆದು ಮರಿಯಾಗುವ ಸಂಭವ ಹೆಚ್ಚು. ನಮ್ಮಲ್ಲಿ ಹಗಲು ಯಾವಾಗಲೂ ಅದಕ್ಕಿಂತ ಮೇಲೆಯೇ. ಕ್ಯೂಬಾದಲ್ಲಿ ರಫ್ತಿಗೆ ಮೊದಲು ಹೆಪ್ಪುಗಟ್ಟಿಸುತ್ತಾರೆ, ಆದರೂ ಮನೆಯಲ್ಲಿ ಮತ್ತೊಮ್ಮೆ ಮಾಡುವುದು ಕ್ಷೇಮ. ಎರಡು ಜಿಪ್ ಚೀಲಗಳಲ್ಲಿ ಹಾಕಿ ಫ್ರಿಜ್ಜಿನಲ್ಲಿ ಒಂದು ದಿನ, ಫ್ರೀಜರಿನಲ್ಲಿ ಮೂರು ದಿನ, ಮತ್ತೆ ಫ್ರಿಜ್ಜಿನಲ್ಲಿ ಒಂದು ದಿನ, ಕೊನೆಗೆ ಹೊರಗೆ ಒಂದು ದಿನ. ಅಷ್ಟರವರೆಗೆ ಚೀಲ ಬಿಚ್ಚಬಾರದು, ಬಿಚ್ಚಿದರೆ ತಣ್ಣಗಿನ ಎಲೆಯ ಮೇಲೆ ಗಾಳಿಯ ನೀರು ಹನಿಗಟ್ಟುತ್ತದೆ. ನಡುವೆ ಕರೆಂಟು ಹೋಗಿ ಫ್ರೀಜರ್ ಕರಗಿದರೆ ಮೂರು ದಿನದ ಲೆಕ್ಕ ಮೊದಲಿನಿಂದ. ಇಲ್ಲಿಯೂ ಸೆಲೋಫೇನ್ ಉಪಕಾರಿ, ಒಂದರಲ್ಲಿ ಹುಳ ಎದ್ದರೆ ಸೂಜಿಮೊನೆಯ ತೂತು ಬೇಗ ಕಣ್ಣಿಗೆ ಬೀಳುತ್ತದೆ, ಪಕ್ಕದ್ದಕ್ಕೆ ಹರಡಲು ಹೊತ್ತು ಹಿಡಿಯುತ್ತದೆ.

ರುಚಿಯಲ್ಲಿ ಕ್ಯೂಬನ್‌ಗೆ ಸಲ್ಲಬೇಕಾದ್ದು ಸಲ್ಲಲೇಬೇಕು. ಜನವರಿಯ ಒಣಗಾಳಿಯಲ್ಲಿ, ಎಳೆತ ಸರಿಯಿರುವ ಒಂದು ಹಳೆಯ ಮರೇವಾ ಕೊಡುವ ಪರಿಮಳ ಬೇರೆ ಯಾವುದರಲ್ಲೂ ಸಿಗಲಿಲ್ಲ. ಹಳೆ ಮರದ ಪೆಟ್ಟಿಗೆ, ಬೈಹುಲ್ಲು, ಬೆಲ್ಲದ ಕಾಫಿ, ಕೊನೆಯಲ್ಲಿ ತುಟಿಗೆ ಸಣ್ಣಗೆ ಉಪ್ಪಿನ ಹಾಗೆ ಏನೋ ಒಂದು. ಪಿನಾರ್ ದೆಲ್ ರಿಯೊ ಪ್ರಾಂತದ ವುಯೆಲ್ತಾ ಅಬಾಹೊ ನೆಲದ ಎಲೆ ಅದು, ಒಳಗೂ ಹೊರಗೂ ಕ್ಯೂಬಾದ್ದೇ. ನಿಕರಾಗುವಾ ಅಷ್ಟು ನಾಜೂಕಲ್ಲ. ಅಲ್ಲಿನ ಎಸ್ತೆಲಿ ಪ್ರದೇಶದ ಎಲೆ ಮೊದಲ ದಮ್ಮಿಗೇ ಕಾಳುಮೆಣಸು, ಆಮೇಲೆ ಹುರಿದ ಕಾಫಿಬೀಜ, ಕೋಕೋ. ಅಲ್ಲಿಯದೇ ಹಲಾಪಾ ಪ್ರದೇಶದ್ದು ಸೇರಿದ್ದರೆ ಒಂದಿಷ್ಟು ಸಿಹಿ. ಖಾರ ಉಂಡು ಬೆಳೆದ ನಾಲಿಗೆಗೆ ಇದು ಸರಿಯಾಗಿ ತಾಗುತ್ತದೆ. ಮುಖ್ಯವಾಗಿ, ಮೊನ್ನೆ ಸೇದಿದ್ದೂ ಇವತ್ತಿನದ್ದೂ ಒಂದೇ ರುಚಿ. ಹಸಿದ ಹೊಟ್ಟೆಯಲ್ಲಿ ಮಾತ್ರ ಬೇಡ, ತಲೆ ತಿರುಗೀತು. ತಿರುಗಿದರೆ ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದು ಕೂರಬೇಕು.

ಡೊಮಿನಿಕನ್ ಸಪ್ಪೆ ಅನಿಸಿತು, ಬೆಳಗಿನ ಕಾಫಿಗೆ ಸರಿ.

ಹೆಸರಿನ ಗೊಂದಲ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. 1960ರಲ್ಲಿ ಕ್ಯೂಬಾ ಸರ್ಕಾರ ಸಿಗಾರ್ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು, 1962ರಲ್ಲಿ ಅಮೆರಿಕ ವ್ಯಾಪಾರ ನಿಲ್ಲಿಸಿತು. ಅಲ್ಲಿಂದ ಹಲವು ಬ್ರ್ಯಾಂಡ್ ಹೆಸರುಗಳು ಎರಡಾದವು: ಕ್ಯೂಬಾದ್ದೊಂದು, ಹೊರಗಿನದ್ದೊಂದು. ಅಮೆರಿಕದಿಂದ ಬಂದವರು ತಂದ ಮೊಂಟೆಕ್ರಿಸ್ಟೊ, ದುಬೈಯಿಂದ ಬಂದವರು ತಂದ ಮೊಂಟೆಕ್ರಿಸ್ಟೊ ಒಂದೇ ಅಲ್ಲ. ಕೊಹಿಬಾ, ಪಾರ್ತಗಾಸ್, ರೋಮಿಯೊ ಕೂಡ ಹಾಗೆಯೇ. ಕ್ಯೂಬಾದ್ದರ ಪಟ್ಟಿಯ ಮೇಲೆ ಹಬಾನಾ ಎಂದು ಇರುತ್ತದೆ. ಗಾಜಿನ ಮುಚ್ಚಳದ ಕೊಹಿಬಾ ಪೆಟ್ಟಿಗೆ ಯಾರು ತಂದುಕೊಟ್ಟರೂ ನಕಲಿ, ಅಂಥದ್ದನ್ನು ಕ್ಯೂಬಾ ಮಾಡುವುದಿಲ್ಲ. ಉಳಿದದ್ದಕ್ಕೆ ಹಸಿರು ವಾರಂಟಿ ಪಟ್ಟಿಯ ಬಾರ್‌ಕೋಡ್ ಸಂಖ್ಯೆಯನ್ನು ಕ್ಯೂಬನ್ ಸಿಗಾರ್ ಮಾರುವ ಹಬಾನೋಸ್ ಕಂಪನಿಯ ಜಾಲತಾಣದಲ್ಲಿ ಹಾಕಿ ನೋಡಿ. ನಿಕರಾಗುವಾದ್ದಕ್ಕೆ ಈ ತಲೆಬಿಸಿ ಕಡಿಮೆ, ನಕಲಿ ಮಾಡುವವರ ಕಣ್ಣು ಅದರ ಮೇಲೆ ಅಷ್ಟಾಗಿ ಬಿದ್ದಿಲ್ಲ.

ಬೆಲೆ ನೋಡಿದರೆ ಒಂದು ಕ್ಯೂಬನ್ ರೊಬಸ್ಟೊ ದುಡ್ಡಿಗೆ ನಿಕರಾಗುವಾದ ಒಳ್ಳೆಯವು ಎರಡು ಬರುತ್ತವೆ. ಕೊಹಿಬಾ ಆದರೆ 2022ರ ಬೆಲೆಯೇರಿಕೆಯ ನಂತರ ಲೆಕ್ಕಕ್ಕೇ ಸಿಗದು. ವಾರಕ್ಕೊಂದು, ಭಾನುವಾರ ಊಟವಾದ ಮೇಲೆ ಜಗಲಿಯಲ್ಲಿ ಸೇದುವ ನನ್ನ ಕ್ರಮಕ್ಕೆ, ತೆಗೆದ ಸಿಗಾರ್ ಆ ಹೊತ್ತಿಗೆ ಹೊಗೆ ಕೊಡಬೇಕು. ಕಡ್ಡಿ, ತಕ್ಕಡಿ ಹಿಡಿದು ಕೂರುವ ವ್ಯವಧಾನ ಆಗ ಇರುವುದಿಲ್ಲ.

ಗಲ್ಫಿನಿಂದ ಬರುವ ತಮ್ಮನಿಗೋ ಭಾವನಿಗೋ ಹೇಳಿಕಳಿಸುವುದಾದರೆ, ಸುಂಕವಿಲ್ಲದೆ ತರಲು ಬಿಡುವುದು ತಲೆಗೆ 25 ಸಿಗಾರ್. ಅದರಲ್ಲಿ 20 ನಿಕರಾಗುವಾ ರೊಬಸ್ಟೊ, ಸೆಲೋಫೇನ್ ಇರುವಂಥದ್ದೇ ಆಗಬೇಕು ಎಂದು ಎರಡು ಸಲ ಹೇಳಿ. ಉಳಿದ ಐದಕ್ಕೆ ಐದರ ಕಾಗದದ ಪೊಟ್ಟಣದಲ್ಲಿ ಬರುವ ಕ್ಯೂಬನ್ ಮರೇವಾ. ಊರಿಗೆ ಬರುವುದು ನವೆಂಬರ್ ಕೊನೆಗಾದರೆ ಒಳ್ಳೆಯದು. ಫ್ರೀಜರಿನ ಕೆಲಸ ಮುಗಿಸಿ 62ರ ಡಬ್ಬಿಯಲ್ಲಿ ಒಂದು ತಿಂಗಳು ಬಿಟ್ಟು, ಜನವರಿಯಿಂದ ಮಾರ್ಚ್ ಒಳಗೆ ಆ ಐದನ್ನೂ ಮುಗಿಸಿ. ಏಪ್ರಿಲ್‌ಗೆ ಒಂದನ್ನೂ ಉಳಿಸಿಕೊಳ್ಳಬೇಡಿ.